ಹಳದಿ ಗೂಡಿನೊಳಗೆ ಅಡಗಿದ ಬಿಳಿ

ಶಿಡ್ಲಘಟ್ಟದ ಪಕ್ಕದ ಹಳ್ಳಿಯೊಂದರಲ್ಲಿ ನನ್ನ ಸ್ನೇಹಿತರ ಮನೆಯಿದೆ. ನಾನು ಅಲ್ಲಿಗೆ ಹೋದ ದಿನ ಅವರಿಗೆ ಗೂಡು ಬಿಡಿಸುವ ಕೆಲಸ. ರೇಷ್ಮೆ ಹುಳ ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಹತ್ತಿ ಐದು ದಿನವಾಗಿತ್ತು. ಮನೆಮಂದಿಯೆಲ್ಲ ಅಂಗಳದಲ್ಲಿ ಕೂತು, ಬಿದಿರಿನ ಸುತ್ತುಗಳ ನಡುವಿನಿಂದ ಹಳದಿ ಗೂಡುಗಳನ್ನು ಒಂದೊಂದಾಗಿ ಕಿತ್ತು ರಾಶಿ ಹಾಕುತ್ತಿದ್ದರು. ಆರನೇ ತರಗತಿಯ ಮೊಮ್ಮಗಳು ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಕೋಶ ಲೊಟಲೊಟ ಎಂದಿತು.

"ತಾತ, ಇದರಲ್ಲಿ ಒಂದಿಪ್ಪತ್ತು ಗೂಡು ಎತ್ತಿಟ್ಟರೆ ಚಿಟ್ಟೆ ಬಂದು ಮೊಟ್ಟೆ ಇಡಲ್ವಾ? ಪ್ರತಿಸಲ ಯಾಕೆ ದುಡ್ಡು ಕೊಟ್ಟು ಮೊಟ್ಟೆ ತರ್ತೀರ?"

"ಹಂಗೆ ಮಾಡಬಾರದು ಕಣಮ್ಮ. ಮನೆ ಮೊಟ್ಟೆ ಬೆಳೆ ಕೆಡಿಸುತ್ತೆ."

"ಯಾಕೆ ಕೆಡಿಸುತ್ತೆ?"

ತಾತ ನನ್ನ ಕಡೆ ನೋಡಿದರು. ನನಗೆ ಖುಷಿಯಾಯಿತು. ತಳಿವಿಜ್ಞಾನದ ಪುಸ್ತಕ ಬರೆಯುವವರು ಬಟಾಣಿ ಗಿಡದಿಂದ ಪಾಠ ಶುರು ಮಾಡುತ್ತಾರೆ. ಆದರೆ ಚಿಕ್ಕಬಳ್ಳಾಪುರ ಜಿಲ್ಲೆಯ ಮಕ್ಕಳಿಗೆ ಆ ಪಾಠ ಅಂಗಳದಲ್ಲೇ ರಾಶಿ ಬಿದ್ದಿದೆ. ಈ ಹುಡುಗಿ ಕೇಳಿದ್ದು ಆ ಪಾಠದ ನಡುಮಧ್ಯದ ಪ್ರಶ್ನೆ.

ಬೇರೆ ಊರಿನ ಓದುಗರಿಗೆ ಒಂದು ಮಾತು ಹೇಳಬೇಕು. ಇಲ್ಲಿ ಯಾರಾದರೂ "ನೂರು ಮೊಟ್ಟೆ ಮೇಯಿಸಿದ್ದೀನಿ" ಎಂದರೆ ಅದು ನೂರು ಹುಳ ಅಲ್ಲ. ಒಂದು ಚಿಟ್ಟೆ ಇಟ್ಟ ಮೊಟ್ಟೆಗಳೆಲ್ಲ ಸೇರಿ ಇವರ ಲೆಕ್ಕದಲ್ಲಿ ಒಂದು ಮೊಟ್ಟೆ. ಒಂದು ಚಿಟ್ಟೆ ನಾನೂರು ಐನೂರು ಮೊಟ್ಟೆ ಇಡುತ್ತದೆ. ಹಾಗಾಗಿ ನೂರು ಮೊಟ್ಟೆ ಎಂದರೆ ನಲವತ್ತು ಐವತ್ತು ಸಾವಿರ ಹುಳ! ಇರುವೆಯಷ್ಟಿದ್ದ ಹುಳ ಸುಮಾರು ಇಪ್ಪತ್ತೈದು ದಿನದಲ್ಲಿ ನಾಲ್ಕು ಸಲ 'ಜ್ವರ' ಕೂತು, ನಾಲ್ಕು ಸಲ ಪೊರೆ ಬಿಟ್ಟು, ಹುಟ್ಟಿದಾಗಿನ ತೂಕದ ಹತ್ತು ಸಾವಿರ ಪಟ್ಟು ಆಗುತ್ತದೆ. ಆ ಅಷ್ಟೂ ಹೊಟ್ಟೆಗೆ ಹಗಲು ರಾತ್ರಿ ಸೊಪ್ಪು ಹಾಕಿದವರೇ ಬಲ್ಲರು ಆ ಕಷ್ಟ.

ತಾತ ಹೇಳಿದ್ದಕ್ಕೆ ಎರಡು ಕಾರಣಗಳಿವೆ. ಒಂದು ರೋಗ. ಗಂಟು ರೋಗ ಎಂಬುದು ತಾಯಿ ಚಿಟ್ಟೆಯಿಂದ ಮೊಟ್ಟೆಯ ಒಳಗೇ ಸೇರಿಕೊಂಡು ಮರಿಗೆ ಬರುತ್ತದೆ. ಫ್ರಾನ್ಸಿನಲ್ಲಿ ಈ ರೋಗ ರೇಷ್ಮೆ ಬೆಳೆಯನ್ನೇ ನಾಶ ಮಾಡುತ್ತಿದ್ದಾಗ, 1865ರಲ್ಲಿ ವಿಜ್ಞಾನಿ ಲೂಯಿ ಪ್ಯಾಶ್ಚರ್ ಅದರ ಬೆನ್ನು ಹತ್ತಿದರು. ಮೊಟ್ಟೆ ಇಟ್ಟ ತಾಯಿಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡಿ ಎಂದರು. ಇವತ್ತಿಗೂ ಮೊಟ್ಟೆ ತಯಾರಿಸುವ ನಮ್ಮ ಬಿತ್ತನೆ ಕೋಠಿಗಳಲ್ಲಿ ನಡೆಯುವುದು ಅದೇ ಪರೀಕ್ಷೆ. ಮನೆಯಲ್ಲಿ ಇಡಿಸಿದ ಮೊಟ್ಟೆಗೆ ಆ ಪರೀಕ್ಷೆ ಇಲ್ಲ. ಒಬ್ಬರ ಮನೆಗೆ ಬಂದ ರೋಗ ಊರಿಗೆಲ್ಲ ಹಬ್ಬಬಹುದು. ಮೊಟ್ಟೆ ತಯಾರಿಸಲು ಪರವಾನಗಿ ಬೇಕೆಂದು ನಮ್ಮ ರಾಜ್ಯದಲ್ಲಿ 1959ರ ಕಾನೂನು ಇರುವುದು ಇದಕ್ಕೇ. ಆದ್ದರಿಂದ ಮಕ್ಕಳೇ, ಈ ಬರಹ ಓದಿ ಯಾರೂ ಗೂಡು ಕದ್ದಿಟ್ಟು ಚಿಟ್ಟೆ ಮಾಡಿಸಬೇಡಿ. ನಾವು ಅದೇ ಪ್ರಯೋಗವನ್ನು ಹುಣಸೆ ಬೀಜದಲ್ಲಿ ಮಾಡೋಣ.

ಎರಡನೇ ಕಾರಣ ನನಗೆ ಬಹಳ ಇಷ್ಟವಾದದ್ದು. ಅದಕ್ಕೆ ಮೊದಲು ಈ ಹಳದಿ ಗೂಡಿನ ಅಪ್ಪ ಅಮ್ಮನನ್ನು ಪರಿಚಯ ಮಾಡಿಕೊಳ್ಳಬೇಕು.

ಅಮ್ಮ ನಮ್ಮ ಹಳೆಯ ಮೈಸೂರು ತಳಿ. ಅದರ ಬಿತ್ತನೆ ಗೂಡನ್ನು ಮಾಗಡಿ, ಕುಣಿಗಲ್ ಕಡೆಯ ರೈತರು ಬೆಳೆದುಕೊಡುತ್ತಾರೆ. ಗೂಡು ಚಿಕ್ಕದು, ಹಸಿರು ಮಿಶ್ರಿತ ಹಳದಿ. ನೂಲು ಕಡಿಮೆ, ನಾನೂರು ಮೀಟರ್ ಆಸುಪಾಸು. ಆದರೆ ಗಟ್ಟಿ ಜೀವ, ನಮ್ಮ ಬಿಸಿಲು ಸೆಕೆಗೆ ಹೊಂದಿಕೊಂಡದ್ದು. ಅಪ್ಪ ದ್ವಿತಳಿ, ಅಂದರೆ ವರ್ಷಕ್ಕೆ ಎರಡೇ ಪೀಳಿಗೆ ಮುಗಿಸುವ ತಣ್ಣನೆಯ ನಾಡಿನ ವಂಶ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಸಿದ್ಧವಾದ ಸಿಎಸ್‌ಆರ್-2 ಅಂಥದ್ದು. ಗೂಡು ದೊಡ್ಡದು, ಹಾಲಿನಂಥ ಬಿಳಿ. ಒಂದೇ ಗೂಡಿನಿಂದ ಸಾವಿರ ಮೀಟರಿಗೂ ಹೆಚ್ಚು ಎಳೆ ಬರುತ್ತದೆ. ಆದರೆ ಆರೈಕೆ ಹೆಚ್ಚು ಕೇಳುತ್ತದೆ. ಬಿತ್ತನೆ ಕೋಠಿಯಲ್ಲಿ ಈ ಅಮ್ಮನಿಗೂ ಈ ಅಪ್ಪನಿಗೂ ಮದುವೆ ಮಾಡಿಸಿ ಪಡೆದ ಮೊಟ್ಟೆಯೇ ಮಿಶ್ರತಳಿ. ಎಲ್ಲರೂ 'ಸಿಬಿ' ಎನ್ನುವುದು ಇದನ್ನೇ.

ಮೈಸೂರು ತಳಿಯೇ ಏಕೆ ಅಮ್ಮ ಆಗಬೇಕು, ಅಪ್ಪ ಏಕೆ ಆಗಬಾರದು? ಇದಕ್ಕೂ ಕಾರಣವಿದೆ. ಮೊಟ್ಟೆ ಬೇಗ ಒಡೆಯಬೇಕೋ, ತಿಂಗಳುಗಟ್ಟಲೆ ನಿದ್ದೆ ಮಾಡಬೇಕೋ ಎಂಬುದು ತಾಯಿಯ ಮೈಯಲ್ಲಿ ತೀರ್ಮಾನವಾಗುತ್ತದೆ. ಮೈಸೂರು ತಾಯಿಯ ಮೊಟ್ಟೆ ಹತ್ತು ದಿನದಲ್ಲಿ ಒಡೆಯುತ್ತದೆ. ದ್ವಿತಳಿ ತಾಯಿಯ ಮೊಟ್ಟೆ ಕಪ್ಪಗಾಗಿ ಮಲಗಿಬಿಡುತ್ತದೆ. ಅದನ್ನು ಎಬ್ಬಿಸಲು ಆಮ್ಲದ ಸ್ನಾನ ಮಾಡಿಸಬೇಕು, ಇಲ್ಲವೇ ಚಳಿಯಲ್ಲಿಟ್ಟು ಕಾಯಬೇಕು.

ಈಗ ನೋಡಿ. ಅಮ್ಮ ಹಳದಿ, ಅಪ್ಪ ಬಿಳಿ. ಮಕ್ಕಳು? ಅಂಗಳದಲ್ಲಿ ರಾಶಿ ಬಿದ್ದಿರುವುದೆಲ್ಲ ಹಳದಿ. ಹಾಗಾದರೆ ಅಪ್ಪನ ಬಿಳಿ ಎಲ್ಲಿ ಹೋಯಿತು?

ಬಣ್ಣ ಹೇಗೆ ಬರುತ್ತದೆ ಎಂದು ತಿಳಿದರೆ ಇದು ತಾನಾಗಿ ಬಿಡಿಸಿಕೊಳ್ಳುತ್ತದೆ. ಹಳದಿ ಬಣ್ಣ ಹುಳದ ಸ್ವಂತದ್ದಲ್ಲ, ಹಿಪ್ಪುನೇರಳೆ ಸೊಪ್ಪಿನದು. ಕ್ಯಾರೆಟ್‌ಗೆ ಬಣ್ಣ ಕೊಡುವ ಕುಟುಂಬದ್ದೇ ಒಂದು ಬಣ್ಣ ಎಲೆಯ ಹಸಿರಿನ ಹಿಂದೆ ಅಡಗಿರುತ್ತದೆ. ಅದು ಹುಳದ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ರೇಷ್ಮೆ ಗ್ರಂಥಿಗೆ ಹೋಗಬೇಕು. ಆದರೆ ತಾನಾಗಿ ಹೋಗಲಾರದು, ಹೊತ್ತೊಯ್ಯಲು ಒಬ್ಬ ಹಮಾಲಿ ಬೇಕು. ಆ ಹಮಾಲಿ ಒಂದು ಪ್ರೋಟೀನು. ಅದನ್ನು ಹೇಗೆ ತಯಾರಿಸಬೇಕೆಂದು ಬರೆದಿಟ್ಟ ಚೀಟಿಯೇ ಜೀನು. ಜಪಾನಿನ ವಿಜ್ಞಾನಿಗಳು 2007ರಲ್ಲಿ ಈ ಚೀಟಿಯನ್ನು ಹುಡುಕಿ ಓದಿದರು. ಬಿಳಿ ಗೂಡು ಕಟ್ಟುವ ವಂಶದಲ್ಲಿ ಆ ಚೀಟಿ ಕೆಟ್ಟುಹೋಗಿರುತ್ತದೆ, ಹಮಾಲಿ ತಯಾರಾಗುವುದೇ ಇಲ್ಲ. ಸೊಪ್ಪು ಅದೇ, ಬಣ್ಣವೂ ಹೊಟ್ಟೆಗೆ ಬಂದಿದೆ. ಹೊರುವವರಿಲ್ಲದೆ ಹಿಕ್ಕೆಯ ಜೊತೆ ಹೊರಗೆ ಹೋಗುತ್ತದೆ.

ಪ್ರತಿ ಹುಳಕ್ಕೂ ಈ ಚೀಟಿಯ ಎರಡು ಪ್ರತಿ ಇರುತ್ತವೆ, ಅಮ್ಮ ಕೊಟ್ಟದ್ದೊಂದು, ಅಪ್ಪ ಕೊಟ್ಟದ್ದೊಂದು. ಸಿಬಿ ಹುಳಕ್ಕೆ ಅಮ್ಮನಿಂದ ಒಳ್ಳೆಯ ಪ್ರತಿ, ಅಪ್ಪನಿಂದ ಕೆಟ್ಟ ಪ್ರತಿ ಬಂದಿದೆ. ಒಂದು ಪ್ರತಿ ಸರಿ ಇದ್ದರೂ ಹಮಾಲಿ ತಯಾರಾಗುತ್ತಾನೆ, ಗೂಡು ಹಳದಿಯಾಗುತ್ತದೆ. ಅಪ್ಪನ ಬಿಳಿ ಎಲ್ಲೂ ಹೋಗಿಲ್ಲ. ಹಳದಿಯ ಒಳಗೆ ಸುಮ್ಮನೆ ಕೂತಿದೆ.

ಪಠ್ಯಪುಸ್ತಕದಲ್ಲಿ ಹಳದಿಯಂಥದ್ದನ್ನು 'ಪ್ರಬಲ' ಗುಣ, ಬಿಳಿಯಂಥದ್ದನ್ನು 'ದುರ್ಬಲ' ಗುಣ ಎನ್ನುತ್ತಾರೆ. ಆ ದುರ್ಬಲ ಎಂಬ ಪದ ನನಗೆ ಒಪ್ಪಿಗೆಯಿಲ್ಲ. ಮಕ್ಕಳು ಅದನ್ನು ಕೇಳಿ ಬಿಳಿ ಗೂಡು ಕಳಪೆ ಎಂದುಕೊಳ್ಳುತ್ತಾರೆ. ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿ ನೋಡಿ, ಒಳ್ಳೆಯ ದ್ವಿತಳಿ ಬಿಳಿ ಗೂಡಿಗೆ ನೂಲು ತೆಗೆಯುವ ರೀಲರುಗಳು ಹೇಗೆ ಮುಗಿಬೀಳುತ್ತಾರೆಂದು. 'ಮರೆಯ ಗುಣ' ಎಂದರೆ ಸಾಕು. ಮರೆಯಲ್ಲಿ ನಿಂತಿದೆ, ಅಷ್ಟೇ.

ಇಷ್ಟು ಹೇಳುವ ಹೊತ್ತಿಗೆ ಹುಡುಗಿ ಗೂಡು ಬಿಡಿಸುವುದನ್ನು ನಿಲ್ಲಿಸಿದ್ದಳು. "ಚೌಕಾಬಾರ ಆಡೋ ಹುಣಸೆ ಬೀಜ ಇದೆಯಾ?" ಎಂದೆ. ಒಳಗೆ ಓಡಿ ನಾಲ್ಕು ತಂದಳು. ಹುಣಸೆ ಬೀಜವನ್ನು ಕಲ್ಲಿನ ಮೇಲೆ ಒಂದು ಬದಿ ಉಜ್ಜಿದರೆ ಸಿಪ್ಪೆ ಹೋಗಿ ಬಿಳಿ ಕಾಣುತ್ತದೆ, ಇನ್ನೊಂದು ಬದಿ ಕಂದು ಹಾಗೇ ಉಳಿಯುತ್ತದೆ. ನಮ್ಮ ಅಜ್ಜಿಯರು ಕವಡೆ ಇಲ್ಲದಾಗ ಇದರಲ್ಲೇ ಆಡುತ್ತಿದ್ದರು. ನಮಗೆ ಎರಡು ಬೀಜ ಸಾಕು. ಒಂದು ಸಿಬಿ ಅಮ್ಮ, ಒಂದು ಸಿಬಿ ಅಪ್ಪ. ಇಬ್ಬರ ಹತ್ತಿರವೂ ಎರಡೆರಡು ಚೀಟಿ. ಕಂದು ಬದಿ ಹಳದಿಯ ಚೀಟಿ, ಉಜ್ಜಿದ ಬದಿ ಬಿಳಿಯ ಚೀಟಿ. ಮರಿಗೆ ಕೊಡುವಾಗ ಎರಡರಲ್ಲಿ ಒಂದನ್ನು ಮಾತ್ರ ಕೊಡಲು ಸಾಧ್ಯ. ಯಾವುದು ಎಂಬುದು ಬೀಜ ಹೇಗೆ ಬೀಳುತ್ತದೋ ಹಾಗೆ.

ಎರಡನ್ನೂ ಒಟ್ಟಿಗೆ ಎಸೆಯಿರಿ. ಎರಡೂ ಕಂದು ಬಿದ್ದರೆ ಗೂಡು ಹಳದಿ. ಒಂದು ಕಂದು ಒಂದು ಬಿಳಿ ಬಿದ್ದರೂ ಹಳದಿ, ಒಬ್ಬ ಹಮಾಲಿ ಸಾಕಲ್ಲ. ಎರಡೂ ಬಿಳಿ ಬಿದ್ದರೆ ಮಾತ್ರ ಬಿಳಿ ಗೂಡು. ಪ್ರತಿ ಎಸೆತವೂ ಒಂದು ಹುಳ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಸಾಲು ಬರೆದು ಗೆರೆ ಹಾಕುತ್ತಾ ಹೋಗಿ.

ಅವಳ ಮೊದಲ ಇಪ್ಪತ್ತು ಎಸೆತಕ್ಕೆ ಹನ್ನೆರಡು ಹಳದಿ, ಎಂಟು ಬಿಳಿ ಬಂತು. "ಇಷ್ಟೇನಾ?" ಎಂದಳು. ಇನ್ನೂ ಎಸಿ ಎಂದೆ. ಅಷ್ಟರಲ್ಲಿ ಪಕ್ಕದ ಮನೆಯ ಮೂವರು ಬಂದು ಸೇರಿದರು. ನಾಲ್ಕು ಜನರ ಲೆಕ್ಕ ಕೂಡಿಸಿದಾಗ ಹಳದಿಯ ಸಾಲು ಬಿಳಿಯ ಸಾಲಿಗಿಂತ ಹತ್ತಿರಹತ್ತಿರ ಮೂರು ಪಟ್ಟು ಉದ್ದವಾಗಿತ್ತು. ಲೆಕ್ಕ ಸುಲಭ. ಎರಡು ಬೀಜ ಬೀಳಬಹುದಾದ ರೀತಿ ನಾಲ್ಕು, ಅದರಲ್ಲಿ ಒಂದೇ ಒಂದು ಬಿಳಿ-ಬಿಳಿ. ಇಪ್ಪತ್ತು ಎಸೆತಕ್ಕೆ ಇದು ಕಾಣದಿರಬಹುದು, ಆರುನೂರು ಎಸೆತಕ್ಕೆ ಕಂಡೇ ಕಾಣುತ್ತದೆ. ನಿಮ್ಮ ತರಗತಿಯಲ್ಲಿ ಮೂವತ್ತು ಮಕ್ಕಳಿದ್ದರೆ ತಲೆಗೆ ಇಪ್ಪತ್ತು ಸಲ ಎಸೆದು ಕಪ್ಪುಹಲಗೆಯ ಮೇಲೆ ಕೂಡಿಸಿ.

ಒಂದು ಎಚ್ಚರಿಕೆ. ಮೂರಕ್ಕೊಂದು ಬರದೆ ತೀರಾ ಬೇರೆ ಬಂದರೆ ಲೆಕ್ಕವನ್ನು ತಿದ್ದಬೇಡಿ, ಬೀಜವನ್ನು ಅನುಮಾನಿಸಿ. ಹೆಚ್ಚು ಉಜ್ಜಿದ ಬೀಜ ಒಂದು ಬದಿಗೇ ಬೀಳುವ ಚಾಳಿ ಕಲಿತಿರುತ್ತದೆ. ಆಟಕ್ಕೆ ಮೊದಲು ಪ್ರತಿ ಬೀಜವನ್ನು ನೂರು ಸಲ ಒಂಟಿಯಾಗಿ ಎಸೆದು, ಐವತ್ತು ಐವತ್ತರ ಹತ್ತಿರ ಬರುವ ಬೀಜವನ್ನೇ ಆರಿಸಿಕೊಳ್ಳಿ. ಬೀಜವನ್ನು ಹೀಗೆ ಪರೀಕ್ಷಿಸುವುದೂ ವಿಜ್ಞಾನವೇ, ಬೇಸರಪಡಬೇಡಿ.

ಇದೇ ಮೂರಕ್ಕೊಂದನ್ನು ಗ್ರೆಗರ್ ಮೆಂಡೆಲ್ ಎಂಬ ಪಾದ್ರಿ ಬಟಾಣಿಯಲ್ಲಿ ಕಂಡದ್ದು. ಅವರು ಎಣಿಸಿದ ಕಾಳುಗಳಲ್ಲಿ ಹಳದಿ 6022, ಹಸಿರು 2001. ಒಬ್ಬ ಮನುಷ್ಯ ಕೂತು ಎಂಟು ಸಾವಿರ ಕಾಳು ಎಣಿಸಿದ್ದನ್ನು ನೆನೆದಾಗಲೆಲ್ಲ ನನಗೆ ಅವರ ಮೇಲೆ ಪ್ರೀತಿ ಉಕ್ಕುತ್ತದೆ. 1866ರಲ್ಲಿ ಅಚ್ಚಾದ ಆ ಲೆಕ್ಕವನ್ನು ಜಗತ್ತು 1900ರವರೆಗೆ ಗಮನಿಸಲಿಲ್ಲ. ಸರಿ, ಗಿಡದಲ್ಲಿ ನಡೆಯುವುದು ಹುಳದಲ್ಲೂ ನಡೆಯುತ್ತದೆಯೇ? ಜಪಾನಿನ ತೊಯಾಮಾ ಕಮೆತಾರೊ ಸಯಾಂ ದೇಶದಲ್ಲಿ, ಅಂದರೆ ಇವತ್ತಿನ ಥಾಯ್ಲೆಂಡಿನಲ್ಲಿ, ರೇಷ್ಮೆ ಕಲಿಸಲು ಹೋಗಿದ್ದಾಗ ಅಲ್ಲಿಯ ಹಳದಿ ಗೂಡಿನ ವಂಶವನ್ನು ಜಪಾನಿನ ಬಿಳಿ ವಂಶದೊಂದಿಗೆ ಕೂಡಿಸಿದರು. ಮೊದಲ ಪೀಳಿಗೆ ಎಲ್ಲ ಹಳದಿ. ಆ ಹಳದಿಗಳ ಮಕ್ಕಳಲ್ಲಿ ಮೂರು ಹಳದಿಗೆ ಒಂದು ಬಿಳಿ. 1906ರಲ್ಲಿ ಅವರು ಅದನ್ನು ಪ್ರಕಟಿಸಿದರು. ಮೊದಲ ಪೀಳಿಗೆಯ ಮಿಶ್ರ ಹುಳವನ್ನೇ ರೈತರಿಗೆ ಕೊಡಿ ಎಂದು ಸಲಹೆ ಮಾಡಿದವರೂ ಅವರೇ.

ಹುಡುಗಿಯ ಪ್ರಶ್ನೆಗೆ ಎರಡನೇ ಉತ್ತರ ಇಲ್ಲಿದೆ. ಸಿಬಿ ಗೂಡಿನಿಂದ ಮೊಟ್ಟೆ ಇಡಿಸಿದರೆ ನಾಲ್ಕರಲ್ಲೊಂದು ಬಿಳಿ ಗೂಡು ಹೊರಬೀಳುತ್ತದೆ. ಬಣ್ಣವೊಂದೇ ಆಗಿದ್ದರೆ ಬೇರೆ ಮಾಡಿ ಮಾರಬಹುದಿತ್ತು. ಆದರೆ ಎಳೆಯ ಉದ್ದ, ಗೂಡಿನ ಗಾತ್ರ, ಸೆಕೆ ತಡೆಯುವ ಶಕ್ತಿ, ಹಣ್ಣಾಗುವ ದಿನ, ಇವೆಲ್ಲ ಹತ್ತಾರು ಜೀನುಗಳ ಕೈಯಲ್ಲಿವೆ. ಅಷ್ಟೂ ಚೀಟಿಗಳು ಹುಣಸೆ ಬೀಜದಂತೆ ಕಲಸಿಹೋಗುತ್ತವೆ. ಒಂದು ಹುಳ ಇಂದು ಹಣ್ಣಾದರೆ ಇನ್ನೊಂದು ನಾಡಿದ್ದು. ಒಂದು ಗೂಡು ದಪ್ಪ, ಪಕ್ಕದ್ದು ಸಣಕಲು. ಮೊದಲ ಪೀಳಿಗೆಯಲ್ಲಿ ಮಾತ್ರ ಎಲ್ಲ ಹುಳಕ್ಕೂ ಒಂದೇ ಬಗೆಯ ಜೋಡಿ ಚೀಟಿ, ಅದಕ್ಕೇ ಅವು ಒಂದೇ ಅಚ್ಚಿನವು. ತಾತನಿಗೆ ಜೀನು ಗೊತ್ತಿರಲಿಲ್ಲ. ಫಲ ಗೊತ್ತಿತ್ತು.

"ಮತ್ತೆ ಸೊಪ್ಪು?" ಎಂದಳು. "ಹಿಪ್ಪುನೇರಳೆಗೆ ನಾವು ಪ್ರತಿವರ್ಷ ಬೀಜ ತರಲ್ವಲ್ಲ." ಜಾಣ ಪ್ರಶ್ನೆ. ಅವರ ತೋಟದಲ್ಲಿರುವುದು ವಿ-1 ಎಂಬ ಹಿಪ್ಪುನೇರಳೆ ತಳಿ. ಅದೂ ಮಿಶ್ರತಳಿಯೇ. ಆದರೆ ಅದನ್ನು ಕಡ್ಡಿ ನೆಟ್ಟು ಬೆಳೆಸುತ್ತಾರೆ. ಕಡ್ಡಿ ನೆಟ್ಟಾಗ ಅಪ್ಪ ಅಮ್ಮ ಇಲ್ಲ, ಚೀಟಿ ಕಲಸುವ ಮಾತೇ ಇಲ್ಲ. ತಾಯಿಗಿಡ ಹೇಗೋ ಮರಿಗಿಡ ಹಾಗೇ. ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟಗಳೂ ಹೀಗೇ, ಬಳ್ಳಿಯ ತುಂಡಿನಿಂದ ಬಂದವು. ಬೀಜ ಬಿತ್ತಿದರೆ ಯಾವ ರುಚಿಯ ದ್ರಾಕ್ಷಿ ಬರುತ್ತದೋ ಹೇಳಲಾಗದು.

ಕೈಯಾರೆ ಮಾಡಲು ಇನ್ನೆರಡು ಕೆಲಸ ಹೇಳುತ್ತೇನೆ, ಎರಡಕ್ಕೂ ದೊಡ್ಡವರು ಜೊತೆಗಿರಲಿ. ಚಿಟ್ಟೆ ಹೊರಬಂದ ತೂತು ಗೂಡು ಎರಡು ಸಿಕ್ಕರೆ, ಹಳದಿಯವೇ ಆಗಲಿ, ಕತ್ತರಿಸಿ ಸೋಪು ಮತ್ತು ಸೋಡಾ ಹಾಕಿದ ನೀರಿನಲ್ಲಿ ಮುಕ್ಕಾಲು ಗಂಟೆ ಕುದಿಸಿ. ಗೂಡು ಮೆತ್ತಗಾಗಿ, ಬಣ್ಣ ಬಿಟ್ಟು, ಬಿಳಿಯ ಎಳೆ ಉಳಿಯುತ್ತದೆ. ಹಮಾಲಿ ಹೊತ್ತು ತಂದ ಹಳದಿ ಸೇರಿದ್ದು ಎಳೆಯ ಮೇಲಿನ ಅಂಟಿನಲ್ಲಿ. ಅಂಟು ಹೋದರೆ ಬಣ್ಣವೂ ಹೋಗುತ್ತದೆ.

ಇನ್ನೊಂದು, ಚೀಟಿ ಬರೆದಿರುವ ಎಳೆಯನ್ನೇ ಕಣ್ಣಾರೆ ನೋಡುವುದು. ಆ ಎಳೆಯ ಹೆಸರು ಡಿಎನ್‌ಎ. ಚೆನ್ನಾಗಿ ಹಣ್ಣಾದ ಏಲಕ್ಕಿ ಬಾಳೆ ಒಂದನ್ನು ಅರ್ಧ ಲೋಟ ನೀರಿನಲ್ಲಿ ಕಿವುಚಿ. ಚಿಟಿಕೆ ಉಪ್ಪು, ಒಂದು ಚಮಚ ಪಾತ್ರೆ ತೊಳೆಯುವ ದ್ರವ ಹಾಕಿ, ನೊರೆ ಬರದಂತೆ ಮೆಲ್ಲಗೆ ಕಲಸಿ ಹತ್ತು ನಿಮಿಷ ಬಿಡಿ. ಬಟ್ಟೆಯಲ್ಲಿ ಸೋಸಿ. ಲೋಟವನ್ನು ಓರೆ ಹಿಡಿದು, ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿದ ಸ್ಪಿರಿಟ್ಟನ್ನು ಅಂಚಿನಿಂದ ಇಳಿಬಿಡಿ. ಒಲೆ, ದೀಪ ಹತ್ತಿರ ಇರಬಾರದು. ಎರಡು ಪದರಗಳ ನಡುವೆ ಬಿಳಿಯ ನೂಲಿನಂಥದ್ದು ಮೇಲೇಳುತ್ತದೆ. ಕಡ್ಡಿಯಲ್ಲಿ ಸುತ್ತಿ ಎತ್ತಿ ನೋಡಿ. ಅದರಲ್ಲಿ ಹಣ್ಣಿನ ಅಂಟೂ ಸ್ವಲ್ಪ ಬೆರೆತಿರುತ್ತದೆ, ಶುದ್ಧ ಡಿಎನ್‌ಎ ಅಲ್ಲ. ನಿಮ್ಮ ಮೈಯ ಸಾಮಾನ್ಯ ಜೀವಕೋಶ ಒಂದೊಂದರಲ್ಲೂ ಹೀಗೆ ಸುಮಾರು ಎರಡು ಮೀಟರ್ ಎಳೆ ಸುತ್ತಿಕೊಂಡಿದೆ, ಗೂಡಿನೊಳಗೆ ರೇಷ್ಮೆ ಸುತ್ತಿದಂತೆ.

ಬೇಡ ಎನ್ನುವ ಒಂದು ಚಟುವಟಿಕೆಯೂ ಇದೆ. ನಾಲಿಗೆ ಸುರುಳಿ ಮಾಡಲು ಬರುತ್ತದೆಯೇ ಎಂದು ಮಕ್ಕಳನ್ನು ನಿಲ್ಲಿಸಿ, ಅಪ್ಪ ಅಮ್ಮನಿಗೂ ಬರುತ್ತದೆಯೇ ಕೇಳಿಕೊಂಡು ಬಾ ಎನ್ನುವುದು. 1940ರಲ್ಲಿ ಸ್ಟರ್ಟವೆಂಟ್ ಎಂಬ ದೊಡ್ಡ ವಿಜ್ಞಾನಿ ಇದು ಒಂದೇ ಜೀನಿನ ಗುಣವಿರಬಹುದು ಎಂದಿದ್ದರು. 1952ರಲ್ಲಿ ಅವಳಿಗಳನ್ನು ಪರೀಕ್ಷಿಸಿದಾಗ, ಒಂದೇ ಅಚ್ಚಿನ ಅವಳಿಗಳಲ್ಲೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದ ಜೋಡಿಗಳು ಸಿಕ್ಕವು. ಆಮೇಲೆ ಸ್ಟರ್ಟವೆಂಟ್ ತಾವೇ ಆ ಮಾತನ್ನು ಬಿಟ್ಟರು. ಶಾಲೆಗಳು ಇನ್ನೂ ಬಿಟ್ಟಿಲ್ಲ. ತಪ್ಪು ನಿಯಮ ನಂಬಿಕೊಂಡು, ನಾನು ನಮ್ಮಪ್ಪನ ಮಗಳಲ್ಲವೇನೋ ಎಂದು ಒಂದು ಮಗು ರಾತ್ರಿ ನಿದ್ದೆಗೆಡುವುದು ಸಣ್ಣ ವಿಷಯವಲ್ಲ. ಹುಣಸೆ ಬೀಜದಿಂದ ಯಾರ ಮನಸ್ಸೂ ನೋಯುವುದಿಲ್ಲ.

ಶಾಲೆ ಹೇಳಿದ್ದನ್ನೂ ಪ್ರಶ್ನಿಸಬೇಕು ಎಂದಾಗ ನನಗೆ ಒಬ್ಬರು ನೆನಪಾಗುತ್ತಾರೆ. ಇದೇ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಓದಲು ಬೆಂಗಳೂರಿಗೆ ನಡೆದೇ ಹೋದವರು. ಭೌತವಿಜ್ಞಾನಿಯಾದರು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ವಾರ ವಾರ ಜನರಿಗೆ ವಿಜ್ಞಾನದ ಮಾತು ಕೇಳಿಸಿದರು. ಯಾರು ಹೇಳಿದರೂ ಏಕೆ ಎಂದು ಕೇಳದೆ ಒಪ್ಪಬೇಡಿ ಎಂಬುದು ಅವರ ಬದುಕಿನ ಪಟ್ಟು. ಇನ್ನು ಚಿಂತಾಮಣಿಯಲ್ಲಿ ರೇಷ್ಮೆ ಕಲಿಸುವ ಕೃಷಿ ವಿಶ್ವವಿದ್ಯಾಲಯದ ಕಾಲೇಜೇ ಇದೆ. ಗೂಡಿನ ಬಗ್ಗೆ ನಮಗೆ ಉತ್ತರ ಹೊಳೆಯದ ಪ್ರಶ್ನೆ ಬಂದರೆ ಅಲ್ಲಿಯ ಮೇಷ್ಟರುಗಳಿಗೆ ಒಂದು ಕಾಗದ ಬರೆಯಿರಿ.

ಸಂಜೆ ಹೊರಡುವ ಹೊತ್ತಿಗೆ ಹುಡುಗಿ ನಾಲ್ಕು ಬೀಜ ಹಿಡಿದು ಬಂದಳು. ಅವಳ ಹೊಸ ಪ್ರಶ್ನೆ ಹುಳದ ಮಚ್ಚೆಯದು. ಕೆಲವು ಹುಳದ ಮೈಮೇಲೆ ಹುಬ್ಬಿನಂಥ ಮಚ್ಚೆ ಇರುತ್ತದೆ, ಕೆಲವು ಬೋಳು. ಮಚ್ಚೆ ಮುಂದೆ ನಿಲ್ಲುವ ಗುಣ, ಬೋಳು ಮರೆಯ ಗುಣ. "ಬಣ್ಣಕ್ಕೆ ಎರಡು ಬೀಜ, ಮಚ್ಚೆಗೆ ಎರಡು ಬೀಜ, ನಾಲ್ಕೂ ಒಟ್ಟಿಗೆ ಎಸೆದರೆ?" ಎಂದಳು. ಎಸೆದರೆ ಹದಿನಾರರಲ್ಲಿ ಒಂಬತ್ತು ಮಚ್ಚೆಯ ಹಳದಿ, ಮೂರು ಮಚ್ಚೆಯ ಬಿಳಿ, ಮೂರು ಬೋಳು ಹಳದಿ, ಒಂದು ಬೋಳು ಬಿಳಿ ಬರಬೇಕು. ಆದರೆ ನಿಜವಾದ ಹುಳದಲ್ಲಿ ಹಾಗೆ ಬರುವುದಿಲ್ಲ! 1910ರ ದಶಕದಲ್ಲಿ ಜಪಾನಿನ ವಿಜ್ಞಾನಿ ತನಾಕಾ ಯೊಶಿಮಾರೊ ಎಣಿಸಿ ನೋಡಿದಾಗ ಲೆಕ್ಕ ತಪ್ಪಿತು. ರೇಷ್ಮೆ ಹುಳಕ್ಕೆ ಈ ಚೀಟಿಗಳನ್ನು ಹೊತ್ತ 28 ಜೋಡಿ ವರ್ಣತಂತುಗಳಿವೆ. ಬಣ್ಣದ ಚೀಟಿ, ಮಚ್ಚೆಯ ಚೀಟಿ ಎರಡೂ ಒಂದೇ ತಂತುವಿನ ಮೇಲೆ ಕೂತಿವೆ. ಬಂದರೆ ಜೊತೆಗೇ ಬರುತ್ತವೆ. ಗಂಡು ಚಿಟ್ಟೆಯಲ್ಲಿ ಆಗಾಗ ಆ ಜೊತೆ ಬಿಟ್ಟುಹೋಗುತ್ತದೆ, ಹೆಣ್ಣು ಚಿಟ್ಟೆಯಲ್ಲಿ ಬಿಡುವುದೇ ಇಲ್ಲ.

ಅವಳು ಸ್ವಲ್ಪ ಹೊತ್ತು ಬೀಜಗಳನ್ನೇ ನೋಡುತ್ತಾ ನಿಂತಳು. ಆಮೇಲೆ ಚಂದ್ರಿಕೆಯಲ್ಲಿ ಸಿಕ್ಕಿಕೊಂಡಿದ್ದ ರೇಷ್ಮೆ ಜಾಳನ್ನು ಎಳೆದು ಹೊಸೆದು, ಎರಡು ಬೀಜಗಳನ್ನು ಕಂದು ಬದಿ ಒಂದೇ ಕಡೆಗೆ ಬರುವಂತೆ ಜೋಡಿಸಿ ಬಿಗಿಯಾಗಿ ಸುತ್ತಿದಳು.

"ಇದು ಅಮ್ಮ," ಎಂದಳು. ಉಳಿದೆರಡನ್ನು ಸಡಿಲವಾಗಿ ಕಟ್ಟತೊಡಗಿದಳು.